ಕನ್ನಡಕದ ಅಂಗಡಿಯವನ ಅರೆತಲೆನೋವು

ವಿಜಯನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ಬೋರ್ಡು. ನಮ್ಮ ಕಡೆ ಯಾರಿಗೆ ತಲೆನೋವು ಬಂದರೂ ಮೊದಲು ಬರುವುದು ನನ್ನ ಹತ್ತಿರ. "ತಲೆನೋವಾ? ಕಣ್ಣು ಚೆಕ್ ಮಾಡಿಸ್ಕೋ" ಎಂದು ಮನೆಯವರು, ಎದುರು ಮನೆಯವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಹೇಳಿ ಕಳಿಸುತ್ತಾರೆ. ಆ ಒಂದು ಮಾತಿನಿಂದ ನನ್ನ ಸಂಸಾರ ನಡೆದಿದೆ. ಹಾಗಾಗಿ ಆ ಮಾತು ಬಹಳ ಸಲ ತಪ್ಪು ಎಂದು ಬರೆಯಲು ನನಗೆ ಸ್ವಲ್ಪ ಸಂಕೋಚ.

ತಲೆನೋವು ನನಗೂ ಇತ್ತು. ಅಂಗಡಿ ತೆರೆಯುವ ಮೊದಲಿನಿಂದಲೂ ಇತ್ತು. ನಾನೂ ಎಲ್ಲರಂತೆ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಪರೀಕ್ಷೆ ಮಾಡಿದವನೂ ನಾನೇ. ಚೂರು ಪವರ್ ಬಂತು. ಕನ್ನಡಕ ಹಾಕಿದೆ. ನೋವು ಹೋಗಲಿಲ್ಲ. ಫ್ರೇಮ್ ಬಿಗಿಯಾಯಿತೇನೋ ಎಂದು ಸಡಿಲದ್ದು ಹಾಕಿದೆ. ಆಮೇಲೆ ಗ್ಲಾಸಿಗೆ ಕೋಟಿಂಗ್ ಹಾಕಿಸಿದೆ. ಆಮೇಲೆ ತೆಳು ಹಸಿರು ಬಣ್ಣದ ಗ್ಲಾಸು. ಕೊನೆಗೆ ಡ್ರಾಯರಿನಲ್ಲಿ ನನ್ನವೇ ಏಳು ಕನ್ನಡಕ ಸೇರಿದವು. ನನ್ನ ಅಂಗಡಿಯಲ್ಲಿ ನನ್ನಷ್ಟು ನಂಬಿಕೆಯಿಂದ ವ್ಯಾಪಾರ ಮಾಡಿದ ಗಿರಾಕಿ ಇನ್ನೊಬ್ಬರಿಲ್ಲ.

ಈ ಕಾಯಿಲೆ ಇರುವವನು ಮಾಡಬಾರದ ಕಸುಬು ಯಾವುದಾದರೂ ಇದ್ದರೆ ಅದು ಕನ್ನಡಕದ ವ್ಯಾಪಾರ. ನಾಲ್ಕೂ ಗೋಡೆಗೆ ಕನ್ನಡಿ, ಪ್ರತಿ ಶೆಲ್ಫಿಗೂ ಬಿಳಿ ದೀಪ, ಆ ದೀಪ ಹೊಳೆಯಲೆಂದೇ ಸಾಲಾಗಿ ಜೋಡಿಸಿಟ್ಟ ಗಾಜು. ಗಿರಾಕಿಗಳು ಒಳಗೆ ಬಂದು "ಅಂಗಡಿ ಎಷ್ಟು ಬ್ರೈಟ್ ಆಗಿದೆ ಸಾರ್" ಎಂದು ಮೆಚ್ಚಿಕೊಳ್ಳುತ್ತಿದ್ದರು. ನಾನು ಕೌಂಟರಿನ ಹಿಂದೆ ಕಣ್ಣು ಅರ್ಧ ಮುಚ್ಚಿಕೊಂಡು ಥ್ಯಾಂಕ್ಸ್ ಹೇಳುತ್ತಿದ್ದೆ.

ನೋವು ಬರುವ ಮುಂಚೆ ನನಗೆ ಕಣ್ಣ ಮುಂದೆ ಒಂದು ಅಂಕುಡೊಂಕು ಗೆರೆ ಮಿನುಗುತ್ತದೆ. ಅದು ದೊಡ್ಡದಾಗುತ್ತ ಹೋಗಿ ನಡುವಿನ ಭಾಗ ಕಾಣಿಸುವುದೇ ನಿಲ್ಲುತ್ತದೆ. ಅರ್ಧ ಗಂಟೆಗೆ ಗೆರೆ ಹೋಗಿ, ತಲೆಯ ಒಂದು ಬದಿಯಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿಯಲು ಶುರು ಮಾಡುತ್ತಾರೆ. ಒಮ್ಮೆ ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಚಾರ್ಟ್ ಓದಿಸುತ್ತಿರುವಾಗ ಆ ಗೆರೆ ಬಂತು. ಅವರು ಒಂದೊಂದೇ ಅಕ್ಷರ ಓದಿದರು. ಸರಿಯೋ ತಪ್ಪೋ ನನಗೆ ಕಾಣುತ್ತಿರಲಿಲ್ಲ. "ಸರಿಯಾಗಿದೆ ಸಾರ್" ಎಂದೆ. ಅವರಿಗೆ ಸಂತೋಷವಾಯಿತು. ಮಾರನೆಯ ದಿನ ಕಣ್ಣು ಇನ್ನೊಮ್ಮೆ ನೋಡಬೇಕೆಂದು ಫೋನ್ ಮಾಡಿ ಕರೆಸಿದೆ. ಎಷ್ಟು ಜವಾಬ್ದಾರಿಯ ಮನುಷ್ಯ ಎಂದು ಅದಕ್ಕೂ ಹೊಗಳಿದರು.

ಅರೆತಲೆನೋವು ಎನ್ನುವ ಹೆಸರಿನಿಂದಲೇ ನನಗೆ ಅರ್ಧ ಅನ್ಯಾಯವಾಗಿದೆ. ಹೆಸರಿನಲ್ಲೇ ರಿಯಾಯಿತಿ ಇರುವ ಕಾಯಿಲೆಯನ್ನು ಯಾರು ಗೌರವಿಸುತ್ತಾರೆ? ನನ್ನ ಹೆಂಡತಿಯ ತಮ್ಮ ಒಮ್ಮೆ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ತಲೆನೋವು, ಬರಲಾಗುವುದಿಲ್ಲ ಎಂದೆ. "ಭಾವ, ಅರೆತಲೆನೋವು ಅಂದ್ರೆ ಇನ್ನರ್ಧ ತಲೆ ಚೆನ್ನಾಗೇ ಇದೆ ಅಂತ ತಾನೇ? ಆ ಅರ್ಧ ತಗೊಂಡು ಬನ್ನಿ" ಎಂದ. ಹುಡುಗ ಕೆಟ್ಟವನಲ್ಲ. ಆದರೆ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಬಸವೇಶ್ವರನಗರದಲ್ಲಿರುವ ನನ್ನ ಅಕ್ಕನ ಪ್ರಕಾರ ಇದು ಪಿತ್ತ. ಅಕ್ಕನಿಗೆ ಎಪ್ಪತ್ತು ದಾಟಿದೆ. ನಮ್ಮ ಮನೆಯ ಶಾಸ್ತ್ರ, ವೈದ್ಯ ಎರಡೂ ಅವಳ ಕೈಯಲ್ಲಿವೆ. ಜೀರಿಗೆ ಕಷಾಯ ಕುಡಿಸಿದಳು. ಶುಂಠಿ ತೇಯ್ದು ಹಣೆಗೆ ಹಚ್ಚಿದಳು. ಹಣೆ ಉರಿಯುವಾಗ ತಲೆನೋವು ಮರೆಯುತ್ತದೆ ಎನ್ನುವುದು ನಿಜ. ಇದು ದೃಷ್ಟಿಯೂ ಇರಬಹುದು ಎಂದು ಒಂದು ಸಲ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ವಾಸನೆ ಬಂದರೆ ತಲೆ ಸಿಡಿಯುವ ಮನುಷ್ಯನ ಮುಂದೆ ಮೆಣಸಿನಕಾಯಿ ಸುಟ್ಟರೆ ಏನಾಗುತ್ತದೆಯೋ ಅದೇ ಆಯಿತು. "ನೋಡ್ದಾ, ಎಷ್ಟು ದೃಷ್ಟಿ ಇತ್ತು" ಎಂದಳು ಅಕ್ಕ.

ಇವೆಲ್ಲದರ ನಡುವೆ ನನ್ನನ್ನು ಕಾಪಾಡಿದ್ದು ಪಕ್ಕದ ಮೆಡಿಕಲ್ ಸ್ಟೋರ್ ಎಂದು ನಾನು ನಂಬಿದ್ದೆ. ಅಲ್ಲಿಯವರು ನಾನು ಮೆಟ್ಟಿಲು ಹತ್ತುವ ಮೊದಲೇ ಮಾತ್ರೆಯ ಶೀಟ್ ಕತ್ತರಿಸಿ ಇಟ್ಟಿರುತ್ತಿದ್ದರು. ಮೊದಲು ತಿಂಗಳಿಗೆ ಎರಡು ಮಾತ್ರೆ, ಆಮೇಲೆ ವಾರಕ್ಕೆ ಎರಡು, ಆಮೇಲೆ ದಿನಾ ಬೆಳಗ್ಗೆ ಕಾಫಿಯ ಜೊತೆ ಒಂದು. ನೋವು ಬಂದದ್ದಕ್ಕಿರಲಿ, ಬರಬಹುದು ಎಂಬ ಅನುಮಾನಕ್ಕೇ ಒಂದು.

ನಾನು ನಗುತ್ತ ಹೇಳುತ್ತಿದ್ದೇನೆ, ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ನನಗೆ ಒಬ್ಬಳೇ ಮಗಳು. ಅವಳ ಶಾಲೆಯ ವಾರ್ಷಿಕೋತ್ಸವ, ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ, ಪದವಿ ಪ್ರದಾನ, ಎಲ್ಲದರಲ್ಲೂ ನಾನು ಅತ್ತಿಗುಪ್ಪೆಯ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿದ್ದೆ. ಅವಳ ಬಾಲ್ಯದ ಫೋಟೋಗಳಲ್ಲಿ ನಾನಿಲ್ಲ. ನೋಡಿದವರು ಅಪ್ಪನೇ ಫೋಟೋ ತೆಗೆದಿರಬೇಕು ಎಂದುಕೊಳ್ಳುತ್ತಾರೆ. ನಾವು ತಿದ್ದುವುದಿಲ್ಲ.

ಮಗಳು ಈಗ ಉಲ್ಲಾಳದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋದ ವರ್ಷ ಅವಳಿಗೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ರಾಜಾಜಿನಗರದಲ್ಲಿ ಒಂದು ಚಿಕ್ಕ ಹಾಲ್ ಹಿಡಿದೆವು. ನಾನು ಎರಡು ಮಾತ್ರೆ ನುಂಗಿ, ಹೊಸ ಪಂಚೆ ಉಟ್ಟು, ಬಾಗಿಲಲ್ಲಿ ನಿಂತು ಬೀಗರನ್ನು ಸ್ವಾಗತಿಸಿದೆ. ಸುಗಂಧರಾಜದ ಹಾರದ ವಾಸನೆ, ವಿಡಿಯೋದವರ ಲೈಟು, ಊಟ ತಡ. ತಾಂಬೂಲ ಬದಲಾಯಿಸುವ ಹೊತ್ತಿಗೆ ನಾನು ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಮುಖಕ್ಕೆ ಟವಲ್ ಹಾಕಿಕೊಂಡು ಬಿದ್ದಿದ್ದೆ. ನನ್ನ ಜಾಗದಲ್ಲಿ ಕೂತು ತಾಂಬೂಲ ಕೊಟ್ಟವನು ನನ್ನ ಹೆಂಡತಿಯ ತಮ್ಮ, ಅದೇ ಅರ್ಧ ತಲೆಯವನು. ಚೆನ್ನಾಗಿಯೇ ನಡೆಸಿಕೊಟ್ಟನಂತೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮಗಳು ಉಗ್ರಾಣಕ್ಕೆ ಬಂದು ಮೂಟೆಯ ಮೇಲೆ ಕೂತಳು. ರೇಷ್ಮೆ ಸೀರೆಗೆ ಅಕ್ಕಿಯ ಧೂಳು ಮೆತ್ತಿತು. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ಅಪ್ಪ, ಧಾರೆಗೆ ನೀವೇ ಇರ್ಬೇಕು. ಮಾವ ಅಲ್ಲ" ಎಂದಳು.

"ಇರ್ತೀನಮ್ಮ."

"ಮಾತ್ರೆ ನುಂಗ್ಕೊಂಡು ಇರೋದಲ್ಲ. ನೀವು ಇರ್ಬೇಕು."

ಮದುವೆಗೆ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳಲ್ಲಿ ಪಟ್ಟಷ್ಟು ಭಯವನ್ನು ನಾನು ಜೀವನದಲ್ಲಿ ಪಟ್ಟಿಲ್ಲ.

ಮುಂದಿನ ವಾರ ಮಗಳು, ಹೆಂಡತಿ ಇಬ್ಬರೂ ಸೇರಿ ನನ್ನನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾವು ಒಳಗೆ ಬಂದ ತಕ್ಷಣ ಕೋಣೆಯ ಅರ್ಧ ದೀಪ ಆರಿಸಿದರು. ಅಲ್ಲಿಗೇ ನನಗೆ ನಂಬಿಕೆ ಬಂತು.

"ಕಣ್ಣು ಚೆಕ್ ಮಾಡಿಸಿದೀರಾ ಸಾರ್?"

"ನಾನೇ ಮಾಡ್ಕೊಂಡಿದೀನಿ. ಏಳು ಸಲ."

ಅವರು ಅದನ್ನು ಬರೆದುಕೊಳ್ಳಲಿಲ್ಲ. "ಮಾತ್ರೆ ಯಾವಾಗ ತಗೋತೀರಾ?"

"ತಲೆನೋವು ಬಂದ ದಿನ."

"ತಲೆನೋವು ಯಾವಾಗ ಬರತ್ತೆ?"

"ದಿನಾ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಿಧಾನವಾಗಿ ಹೇಳಿದರು. ಇದು ಮೈಗ್ರೇನ್; ಕಣ್ಣಿನದೂ ಅಲ್ಲ, ಪಿತ್ತದ್ದೂ ಅಲ್ಲ. ಕೆಲವರ ಮೆದುಳು ಹುಟ್ಟಿನಿಂದಲೇ ಸೂಕ್ಷ್ಮ. ಬೆಳಕು, ಶಬ್ದ, ವಾಸನೆ, ಹಸಿವು, ನಿದ್ದೆಗೇಡು, ಬೇರೆಯವರು ಗಮನಿಸದೆ ದಾಟಿಹೋಗುವ ಇಂಥವನ್ನೆಲ್ಲ ಅದು ಹಿಡಿದಿಟ್ಟುಕೊಂಡು ಗಲಾಟೆ ಮಾಡುತ್ತದೆ. ಆ ಗಲಾಟೆಗೆ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ನುಂಗುತ್ತ ಹೋದರೆ, ಕೊನೆಗೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ.

"ನಿಮ್ಮ ಮೆದುಳಿಗೆ ಬದಲಾವಣೆ ಆಗಿಬರಲ್ಲ ಸಾರ್. ಊಟ, ನಿದ್ದೆ ಎಲ್ಲಾ ಟೈಮ್ ಟೈಮಿಗೆ ಆಗ್ಬೇಕು. ಇಲ್ಲಾಂದ್ರೆ ಅದು ಸಿಟ್ಟು ಮಾಡ್ಕೊಳತ್ತೆ."

"ಇವ್ರ ಸ್ವಭಾವಾನೂ ಹಂಗೇ ಡಾಕ್ಟ್ರೇ" ಎಂದಳು ನನ್ನ ಹೆಂಡತಿ. ಮೂವತ್ತು ವರ್ಷದಿಂದ ಅವಳು ಹೇಳಬೇಕೆಂದಿದ್ದ ಮಾತಿಗೆ ವೈದ್ಯಕೀಯ ಆಧಾರ ಸಿಕ್ಕಿತ್ತು.

ವಾಸಿಯಾಗುತ್ತದೆಯೇ ಎಂದು ಮಗಳು ಕೇಳಿದಳು. "ವಾಸಿ ಅಂತ ಹೇಳಲ್ಲ. ಹತೋಟಿಗೆ ಬರತ್ತೆ" ಎಂದರು ಡಾಕ್ಟರು. ನೋವು ಬರುವುದನ್ನೇ ತಗ್ಗಿಸಲು ದಿನಾ ರಾತ್ರಿ ಒಂದು ಮಾತ್ರೆ. ಬಂದೇ ಬಿಟ್ಟರೆ ಶುರುವಿನಲ್ಲೇ ನುಂಗಲು ಬೇರೆ ಒಂದು, ಅದೂ ವಾರಕ್ಕೆ ಎರಡು ದಿನ ಮೀರದಂತೆ. ಮೆಡಿಕಲ್ ಸ್ಟೋರಿನದು ಪೂರ್ತಿ ಬಂದ್. ಒಂದು ಪುಸ್ತಕದಲ್ಲಿ ಯಾವ ದಿನ ನೋವು ಬಂತು, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವತ್ತೂ ಹೊಟ್ಟೆ ಖಾಲಿ ಬಿಡಬಾರದು.

ಸ್ಕ್ಯಾನ್ ಬೇಡವೆಂದರು. ಇದನ್ನು ಕೇಳಿ ಅಕ್ಕನಿಗೆ ಬೇಜಾರಾಯಿತು. "ಸ್ಕ್ಯಾನೇ ಬರ್ದಿಲ್ವಾ? ಎಂಥ ಡಾಕ್ಟ್ರೋ" ಎಂದು ಎರಡು ದಿನ ಗೊಣಗಿದಳು.

ಹಳೆಯ ಮಾತ್ರೆ ಬಿಟ್ಟ ಮೊದಲ ಎರಡು ವಾರ ನಾನು ಮನುಷ್ಯನಾಗಿರಲಿಲ್ಲ. ಹೀಗಾಗುತ್ತದೆ, ತಡೆದುಕೊಳ್ಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಅಂಗಡಿಗೆ ಬೀಗ ಹಾಕಿ ಮಲಗಿದೆ. ಎದ್ದು ಮೆಡಿಕಲ್ ಸ್ಟೋರಿಗೆ ಹೋಗಿ ಒಂದೇ ಒಂದು ಕೊಡಿ ಎಂದು ಕೇಳಿದೆ. "ಮಗಳು ಬಂದು ಹೇಳಿ ಹೋಗಿದಾರೆ ಸಾರ್, ಕೊಡಲ್ಲ" ಎಂದರು. ಗಂಡನಿಗೆ ಕೊಡಬೇಡಿ ಎಂದು ಹೆಂಡದಂಗಡಿಯಲ್ಲಿ ಹೇಳಿ ಬರುವ ಹೆಂಗಸರ ಕಥೆ ಕೇಳಿದ್ದೆ. ನನಗೂ ಆ ಸ್ಥಾನ ಸಿಕ್ಕಿತು ಎಂದುಕೊಂಡು ವಾಪಸ್ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮೂರನೆಯ ವಾರ ಒಂದು ಬೆಳಗ್ಗೆ ಎದ್ದಾಗ ತಲೆಯಲ್ಲಿ ಏನೂ ಇರಲಿಲ್ಲ. ನನಗೆ ಗಾಬರಿಯಾಯಿತು. ಪುಸ್ತಕದಲ್ಲಿ ಏನು ಬರೆಯಬೇಕೆಂದು ತೋಚದೆ "ಇಲ್ಲ" ಎಂದು ಬರೆದೆ. ನಿಧಾನವಾಗಿ ಪುಸ್ತಕದಲ್ಲಿ ಆ ಪದ ಹೆಚ್ಚಾಯಿತು. ಅಂಗಡಿಯ ಬಿಳಿ ದೀಪಗಳಲ್ಲಿ ಅರ್ಧ ತೆಗೆಸಿ ಹಳದಿ ಹಾಕಿಸಿದೆ. ಎದುರಿನ ದೊಡ್ಡ ಕನ್ನಡಿ ತೆಗೆಸಿದೆ. ಅಂಗಡಿ ಮಂಕಾಯಿತು, ಫ್ರೇಮಿನ ಬಣ್ಣ ಗೊತ್ತಾಗುವುದಿಲ್ಲ ಎಂದು ಗಿರಾಕಿಗಳು ದೂರಿದರು. ಬಾಗಿಲಾಚೆ ಹೋಗಿ ನೋಡಿಕೊಳ್ಳಿ ಎಂದು ಕೈಗನ್ನಡಿ ಕೊಟ್ಟೆ.

ಆ ದಿನಗಳಲ್ಲಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬರು ಬಂದರು. ಎರಡು ವರ್ಷದ ಹಿಂದೆ ತಲೆನೋವೆಂದು ಬಂದಿದ್ದವರಿಗೆ ನಾನೇ ಕನ್ನಡಕ ಮಾಡಿಕೊಟ್ಟಿದ್ದೆ. "ಸಾರ್, ನೋವು ಹೋಗಿಲ್ಲ. ಪವರ್ ಜಾಸ್ತಿ ಮಾಡಿ" ಎಂದರು. ನೋವು ಬಂದಾಗ ವಾಂತಿಯಾಗುತ್ತದೆಯೇ, ಬೆಳಕು ಆಗುವುದಿಲ್ಲವೇ, ಒಂದೇ ಬದಿಯೇ ಎಂದು ಕೇಳಿದೆ. ಹೌದು, ಹೌದು, ಹೌದು. ಅವರು ನನ್ನನ್ನು ಕಣಿ ಹೇಳುವವನನ್ನು ನೋಡುವಂತೆ ನೋಡಿದರು. ಕನ್ನಡಕ ಬೇಡ, ನರದ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಆಕೆಗೆ ಎರಡು ವರ್ಷ ನಾನು ಹಾಳು ಮಾಡಿದ್ದೆ. ಅದನ್ನು ಹೇಳಬೇಕೆಂದಿದ್ದೆ, ಹೇಳಲಿಲ್ಲ. ನಾಚಿಕೆಯಾಯಿತು.

ಇಷ್ಟೆಲ್ಲ ಸರಿಯಾಗುತ್ತಿರುವಾಗ ಮದುವೆಗೆ ಹತ್ತು ದಿನ ಮುಂಚೆ ಅಕ್ಕ ಬಂದು ಪಟ್ಟಿ ಓದಿದಳು. ಅದರಲ್ಲಿ ಒಂದು ಸಾಲು: ಧಾರೆ ಎರೆಯುವವರೆಗೆ ಹುಡುಗಿಯ ಅಪ್ಪ ಅಮ್ಮ ಉಪವಾಸ.

ಮುಹೂರ್ತ ಹತ್ತೂಮುಕ್ಕಾಲಿಗೆ. ಏಳುವುದು ನಾಲ್ಕಕ್ಕೆ. ನಡುವೆ ಹೋಮದ ಹೊಗೆ, ವಾಲಗ, ವಿಡಿಯೋ. ಪುಸ್ತಕದ ಪ್ರಕಾರ ನನಗೆ ಹೊಟ್ಟೆ ಖಾಲಿ ಬಿಟ್ಟು ನೋವು ತಪ್ಪಿದ ದಿನ ಒಂದೂ ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ಅಕ್ಕನಿಗೆ ಹೇಳಿದೆ.

"ಒಂದ್ ದಿನ ತಡ್ಕೊಳಕ್ಕೆ ಆಗಲ್ವೇನೋ? ನಮ್ಮಪ್ಪ ನನ್ ಮದ್ವೇಲಿ ಮಧ್ಯಾಹ್ನದವರ್ಗೂ ನೀರ್ ಕುಡೀಲಿಲ್ಲ."

"ಅಪ್ಪಂಗೆ ಮೈಗ್ರೇನ್ ಇರ್ಲಿಲ್ಲ ಅಕ್ಕ."

"ಇತ್ತು ಕಣೋ. ಪಿತ್ತ ಅಂತಿದ್ರು. ನನ್ ಧಾರೆ ಆದ್ಮೇಲೆ ಹೋಗಿ ಮಲಗಿದ್ರಲ್ಲ, ನಾನು ಹೊರಡೋವಾಗ್ಲೂ ಏಳ್ಲಿಲ್ಲ."

ಇದನ್ನು ಹೇಳಿ ಅಕ್ಕ ಪಟ್ಟಿ ಓದಲು ಹಾಕಿದ್ದ ಕನ್ನಡಕ ತೆಗೆದಳು. ಅಪ್ಪ ತನ್ನನ್ನು ಕಳಿಸಿಕೊಡಲು ಬರಲಿಲ್ಲ ಎನ್ನುವ ಕೋಪ ಅವಳಲ್ಲಿ ಐವತ್ತು ವರ್ಷದಿಂದ ಇತ್ತು. ಅದು ನಮಗೆಲ್ಲ ಗೊತ್ತಿತ್ತು. ಕಾರಣ ಬೇರೆ ಇರಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು, ಪುರೋಹಿತರನ್ನು ಕೇಳುತ್ತೇನೆ ಎಂದು ಹೇಳಿ ಹೋದಳು.

ಪುರೋಹಿತರು ಅನುಭವಸ್ಥರು. ಅವರ ತೀರ್ಪನ್ನು ಅಕ್ಕ ಸಂಜೆ ಫೋನಿನಲ್ಲಿ ಹೇಳಿದಳು: "ಅನ್ನ ಮುಟ್ಬಾರ್ದಂತೆ. ಫಲಾಹಾರ ಮಾಡ್ಬೋದಂತೆ."

ಫಲಾಹಾರ ಎಂದರೆ ನಿಘಂಟಿನಲ್ಲಿ ಹಣ್ಣಿನ ಆಹಾರ. ನಮ್ಮ ಮನೆಗಳಲ್ಲಿ ಅನ್ನ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಫಲಾಹಾರ. ಶನಿವಾರ ಒಪ್ಪತ್ತು ಮಾಡುವವರು ರಾತ್ರಿ ಅನ್ನ ಬಿಟ್ಟು ಚಪಾತಿ, ಅವಲಕ್ಕಿ, ದೋಸೆ ತಿಂದು ಮಲಗುತ್ತಾರೆ. ಕೇಳಿದರೆ ಫಲಾಹಾರ ಆಯಿತು ಎನ್ನುತ್ತಾರೆ. ಈರುಳ್ಳಿ ಹಾಕದಿದ್ದರೆ ಉಪ್ಪಿಟ್ಟೂ ಒಂದು ಹಣ್ಣು. ಈ ಪದವನ್ನು ಕಂಡುಹಿಡಿದ ಹಿರಿಯರಿಗೆ ಮೈಗ್ರೇನ್ ಇದ್ದಿರಬೇಕೆಂದು ನನಗೆ ಗಟ್ಟಿಯಾದ ಅನುಮಾನವಿದೆ.

ಮದುವೆಯ ದಿನ ಬೆಳಗ್ಗೆ ಆರಕ್ಕೆ ಅಕ್ಕ ಛತ್ರದ ವಧುವಿನ ಕೋಣೆಗೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಬಿಸಿ ಉಪ್ಪಿಟ್ಟು, ಈರುಳ್ಳಿ ಇಲ್ಲ. ಬಾಗಿಲು ಹಾಕಿಕೊಂಡು ನಾನೂ ಹೆಂಡತಿಯೂ ತಿಂದೆವು. ಅಕ್ಕ ಎದುರಿಗೇ ನಿಂತು ಡಬ್ಬಿ ಖಾಲಿಯಾಗುವವರೆಗೆ ನೋಡಿದಳು. ಒಂಬತ್ತಕ್ಕೆ ಮತ್ತೆ ಬಂದು, ಯಾರೂ ಇಲ್ಲದಾಗ ನನ್ನ ಕೈಗೆ ಅವಲಕ್ಕಿ ಪೊಟ್ಟಣ ಕೊಟ್ಟಳು. "ಫಲಾಹಾರ" ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಹತ್ತೂವರೆಗೆ ಮಂಟಪ ಹತ್ತಿದೆ. ಹೊಗೆಯಿತ್ತು, ಲೈಟಿತ್ತು, ವಾಲಗ ಕಿವಿಯ ಪಕ್ಕದಲ್ಲೇ ಇತ್ತು. ನಾನು ಪ್ರತಿ ಐದು ನಿಮಿಷಕ್ಕೆ ಎದುರಿನ ಗೋಡೆ ನೋಡುತ್ತಿದ್ದೆ, ಗೆರೆ ಮಿನುಗುತ್ತಿದೆಯೇ ಎಂದು. ಮಿನುಗಲಿಲ್ಲ. ಹೆಂಡತಿಯ ತಮ್ಮ ಮಡಿ ಉಟ್ಟು, ಕರೆದರೆ ಬರಲು ತಯಾರಾಗಿ, ಮೊದಲ ಸಾಲಿನಲ್ಲಿ ಕೂತಿದ್ದ. ಅವನನ್ನು ನೋಡಿ ನನಗೆ ಇನ್ನಷ್ಟು ಧೈರ್ಯ ಬಂತು.

ಅಂತರಪಟ ಸರಿಯಿತು. ಹುಡುಗ ಹುಡುಗಿ ಜೀರಿಗೆ ಬೆಲ್ಲ ಎರಚಾಡಿದರು. ವರನ ಬೊಗಸೆಯ ಮೇಲೆ ಮಗಳ ಬೊಗಸೆ ಇಟ್ಟು ಅದರಲ್ಲಿ ತೆಂಗಿನಕಾಯಿ ಇಟ್ಟರು. ನಾನು ಮಗಳ ಕೈ ಹಿಡಿದುಕೊಂಡು ಪುರೋಹಿತರು ಹೇಳಿದಂತೆ ಹೇಳಬೇಕು, ಹೆಂಡತಿ ಬೆಳ್ಳಿ ಚೊಂಬಿನಿಂದ ನೀರು ಬಿಡಬೇಕು. ಮಗಳ ಕೈ ತಣ್ಣಗಿತ್ತು. ಅದನ್ನು ಅಷ್ಟು ಹೊತ್ತು ಹಿಡಿದುಕೊಂಡ ನೆನಪು ನನಗಿರಲಿಲ್ಲ. ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು.

ಹೆಂಡತಿ ನೋಡಿದಳು. "ಬಂತಾ?" ಎಂದಳು.

"ಏನಿಲ್ಲ. ನಂಗೇನೂ ಆಗಿಲ್ಲ" ಎಂದೆ. ನೋವು ಶುರುವಾದಾಗೆಲ್ಲ ಮನೆಯಲ್ಲಿ ನಾನು ಮೊದಲು ಹೇಳುತ್ತಿದ್ದುದು ಇದನ್ನೇ. ಹಾಗಾಗಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಹೆಂಡತಿ ಚೊಂಬು ಹಿಡಿದುಕೊಂಡೇ ವಿಡಿಯೋದವರಿಗೆ ಲೈಟ್ ಆಫ್ ಮಾಡಲು ಹೇಳಿದಳು. ಅಕ್ಕ ಕೈ ಎತ್ತಿದಳು, ವಾಲಗ ನಿಂತಿತು. ಬೀಗರು ಕುರ್ಚಿ ತಂದರು. ಯಾರೋ ಹೋಮಕ್ಕೆ ಬೀಸಣಿಗೆ ಬೀಸುವುದನ್ನು ನಿಲ್ಲಿಸಿ ನನಗೆ ಬೀಸತೊಡಗಿದರು. ಮೊದಲ ಸಾಲಿನಿಂದ ಹೆಂಡತಿಯ ತಮ್ಮ ಎದ್ದು ಶಲ್ಯ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ. ಮೂವತ್ತು ವರ್ಷ ತಲೆನೋವಿದೆ ಎಂದರೆ ನಂಬದಿದ್ದ ಜನ, ಇಲ್ಲ ಎಂದ ದಿನ ಒಬ್ಬರೂ ನಂಬಲಿಲ್ಲ. ನಾಲ್ಕು ನೂರು ಜನರ ಛತ್ರ ನನ್ನ ಆರೋಗ್ಯಕ್ಕಾಗಿ ಉಸಿರು ಬಿಗಿಹಿಡಿದು ಕೂತಿತ್ತು.

"ಮಾವ, ನೀವು ಕೂತ್ಕೊಳಿ" ಎಂದಳು ಮಗಳು. ತೆಂಗಿನಕಾಯಿ ಹಿಡಿದಿದ್ದರಿಂದ ಅವಳು ಅಲ್ಲಾಡುವಂತಿರಲಿಲ್ಲ. ಬಾಸಿಂಗದ ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದು ತಲೆನೋವಲ್ಲ. ತಲೆನೋವಾದ್ರೆ ಅಪ್ಪಂಗೆ ಎಡಗಣ್ಣಲ್ಲಿ ಮಾತ್ರ ನೀರು ಬರತ್ತೆ. ಈಗ ಎರಡರಲ್ಲೂ ಬರ್ತಿದೆ" ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಅಳ್ತಿದಾರೆ ಅಷ್ಟೇ. ಅಳ್ಲಿ ಬಿಡಮ್ಮ" ಎಂದಳು.

ಮೂವತ್ತು ವರ್ಷ ನಾನು ಊರಿನವರ ಕಣ್ಣು ನೋಡಿ ಬದುಕಿದ್ದೇನೆ. ನನ್ನ ಎಡಗಣ್ಣಿನ ವಿಷಯ ನನಗೇ ಗೊತ್ತಿರಲಿಲ್ಲ. ಕಂಬಳಿ ಕಟ್ಟಿದ ಆ ಕೋಣೆಗೆ ಅವಳು ಯಾವಾಗ ಬಂದಿದ್ದಳೋ, ಎಷ್ಟು ಸಲ ನನ್ನ ಮುಖದ ಹತ್ತಿರ ಬಗ್ಗಿ ನೋಡಿಕೊಂಡು ಸದ್ದಿಲ್ಲದೆ ಹೋಗಿದ್ದಳೋ, ಅದೂ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.

ಹೆಂಡತಿ ಚೊಂಬು ಬಗ್ಗಿಸಿದಳು. ನಾನು ಮಗಳ ಕೈ ಹಿಡಿದುಕೊಂಡು ನಿಂತಿದ್ದೆ.